ಅವ್ವನ ಖಡು, ಆಯಿಯ ಹುಳಿ

ನಿಮ್ಮ ಮನೆಯಲ್ಲಿ ಯಾರಾದರೂ ಖಡು ತಿನ್ನುತ್ತಿದ್ದರಾ? ಸೀಮೆಸುಣ್ಣ ರೀ, ಕರಿಹಲಗೆಯ ಮೇಲೆ ಬರೆಯುವುದು. ನಮ್ಮ ಕಡೆ ಅದಕ್ಕೆ ಖಡು ಅನ್ನುತ್ತೇವೆ. ಅವ್ವ, ಅಕ್ಕ, ಅತ್ತೆ, ಹೊಸದಾಗಿ ಬಸುರಾದ ಚಿಕ್ಕಮ್ಮ, ಯಾರಾದರೂ? ಬಾಗಿಲ ಮರೆಯಲ್ಲಿ ನಿಂತು ಕಟಕ್ಕನೆ ಕಡಿದು, ನೀವು ಕಂಡ ಕೂಡಲೇ ದವಡೆ ಆಡಿಸುವುದನ್ನು ನಿಲ್ಲಿಸಿ, 'ಏನಿಲ್ಲ, ಶೇಂಗಾ' ಅಂದವರು? ಇದ್ದೇ ಇರುತ್ತಾರೆ. ನೀವು ಹೇಳುವುದಿಲ್ಲ, ಅಷ್ಟೆ. ನಾನೂ ಹೇಳಿಲ್ಲ. ದಿನ ಬೆಳಗಾದರೆ ಫೋನು ಹಿಡಿದು ಓಣಿಯವರ ಕಥೆಯನ್ನೆಲ್ಲ ಬರೆದು ಹಾಕುವವಳು ನಾನು. ಯಾರ ಮನೆಯ ಎಮ್ಮೆ ಯಾರ ಹಿತ್ತಲಿಗೆ ನುಗ್ಗಿತು, ಯಾವ ಬೀಗರು ಯಾವ ಸೀರೆಗೆ ಮುನಿಸಿಕೊಂಡರು, ಎಲ್ಲ ಬರೆದಿದ್ದೇನೆ, ನೀವೂ ನಕ್ಕಿದ್ದೀರಿ. ನಮ್ಮವ್ವನ ಖಡುವಿನ ಸುದ್ದಿ ಮಾತ್ರ ನನ್ನ ಗಂಟಲಿನಿಂದ ಮೇಲೆ ಬಂದಿರಲಿಲ್ಲ. ಯಾಕೆ ಅಂದರೆ ನಾಚಿಕೆ. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ರಾಜೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಎತ್ತು, ಆಮೇಲೆ ಮನುಷ್ಯರು. ದನ ಕಟ್ಟುವ ಜಾಗದಿಂದ ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಕತ್ತಲ ಅಡುಗೆಮನೆ, ಅದರ ಹಿಂದೆ ಹಿತ್ತಲು. ಪಡಸಾಲೆಗೆ ಹೊಸದಾಗಿ ಫರ್ಸಿ ಕಲ್ಲು ಹಾಸಿದ್ದರು. ಅಪ್ಪ ಪಕ್ಕದ ಊರಿನ ಶಾಲೆಯಲ್ಲಿ ಮಾಸ್ತರ, ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಮನೆ ನಡೆಸುವವಳು ಅಪ್ಪನ ತಾಯಿ, ನಾವೆಲ್ಲ ಆಯಿ ಅನ್ನುತ್ತಿದ್ದೆವು. ಅವ್ವ ಈ ಮನೆಗೆ ಸೊಸೆ ಮಾತ್ರ ಅಲ್ಲ, ಆಯಿಯ ಸ್ವಂತ ತಮ್ಮನ ಮಗಳು. ನಮ್ಮ ಕಡೆ ಇದು ಹೊಸದೇನಲ್ಲ. ಹೊರಗಿನ ಹೆಣ್ಣು ತಂದು ಪಶ್ಚಾತ್ತಾಪ ಪಡುವುದಕ್ಕಿಂತ ತವರಿನ ಹೆಣ್ಣು ತಂದು ಬೈಯುವುದು ಸುಲಭ. ಅಪ್ಪನ ತಂಗಿ ಶಾಂತಾ ಅತ್ತೆಗೆ ಇನ್ನೂ ಲಗ್ನ ಆಗಿರಲಿಲ್ಲ. ಮನೆಯ ಮಾತೆಲ್ಲ ಆಕೆಯ ಲಗ್ನದ ಸುತ್ತಲೇ ತಿರುಗುತ್ತಿತ್ತು. ಇಷ್ಟೇ ಜನ. ನಾನು ಮೂರನೆಯ ಇಯತ್ತೆ, ಬಾಯಿ ಬಡಕಿ.

ಆಯಿಯ ಹೆಮ್ಮೆ ಎರಡು. ಒಂದು ಆ ಫರ್ಸಿ, ಇನ್ನೊಂದು ಕಡಲೆ ಹುಳಿ. ಎರೆಹೊಲದ ಕಡೆಯವರಿಗೆ ಹುಳಿ ಏನೆಂದು ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಚಳಿಗಾಲದಲ್ಲಿ ಕಡಲೆ ಗಿಡ ಹೂಕಾಯಿ ಆದಾಗ ಎಲೆಯ ಮೇಲೆ ಒಂದು ಹುಳಿ ಕೂಡುತ್ತದೆ, ಇಬ್ಬನಿ ಬಿದ್ದಾಗ ಅದರಲ್ಲಿ ಕರಗುತ್ತದೆ. ಹೊತ್ತು ಮೂಡುವ ಮೊದಲು ಬಿಳಿ ಧೋತರ ಒಯ್ದು ಗಿಡದ ಮೇಲೆ ಹಾಸಿ ಎಳೆಯಬೇಕು. ಬಟ್ಟೆ ತೊಯ್ದಮೇಲೆ ಮಣ್ಣಿನ ಗಡಿಗೆಯಲ್ಲಿ ಹಿಂಡಬೇಕು. ಹಿಮ್ಮಡಿ ಒಡೆದವರು ಆ ಹೊಲದಲ್ಲಿ ಕಾಲಿಟ್ಟರೆ ಉರಿದು ಕುಣಿಯುತ್ತಾರೆ, ಅಂಥ ಹುಳಿ. ಆಯಿ ಅದನ್ನು ಗಾಜಿನ ಬಾಟಲಿಗೆ ತುಂಬಿ ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ವರ್ಷ ಕಳೆದಂತೆ ಅದು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು, ಹಳೆಯದಾದಷ್ಟು ಬೆಲೆ. ಊರಲ್ಲಿ ಯಾರಿಗೆ ಹೊಟ್ಟೆ ಉಬ್ಬಿದರೂ ವಾಟಗಾ, ಅದೇ ಬಟ್ಟಲು, ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಒಮ್ಮೆ ನಾನು ಬಾಟಲಿ ಎತ್ತುವಾಗ ನಾಲ್ಕು ಹನಿ ನೆಲಕ್ಕೆ ಬಿತ್ತು. ಬಿದ್ದಲ್ಲಿ ಸುರ್ ಅಂತ ಸಣ್ಣ ನೊರೆ ಎದ್ದಿತು, ಒರೆಸಿದರೆ ಬಿಳಿ ಕಲೆ ಉಳಿದಿತ್ತು.

"ಫರ್ಸಿ ತಿಂತೈತಿ ಅದು! ಕಲ್ಲ ತಿನ್ನೂ ಹುಳಿ! ನಿನ್ನ ಕೈಗೆ ಏನ ರೋಗ ಬಂದೈತಿ?" ಅಂತ ಆಯಿ ನನ್ನ ಬೆನ್ನಿಗೊಂದು ಕೊಟ್ಟಳು.

ಕಲ್ಲನ್ನು ತಿನ್ನುವ ಹುಳಿ, ಹೊಟ್ಟೆಯನ್ನು ಯಾಕೆ ತಿನ್ನುವುದಿಲ್ಲ ಅಂತ ಕೇಳಿದೆ. ಇನ್ನೊಂದು ಬಿತ್ತು.

ಅವ್ವ ಖಡು ತಿನ್ನುತ್ತಾಳೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಆಡುವ ಬದಲು ಅಪ್ಪ ಟ್ರಂಕಿಗೆ ಕೀಲಿ ಹಾಕುತ್ತಿದ್ದ. ಶಾಲೆಯ ಖಡುವಿನ ಪೆಟ್ಟಿಗೆ ಕೆಲವೊಮ್ಮೆ ಮನೆಗೆ ಬರುತ್ತಿತ್ತು. ಅದರಿಂದಲೇ ಅವ್ವ ಕದಿಯುತ್ತಾಳೆ ಅನ್ನುವುದು ಅಪ್ಪನ ಗಟ್ಟಿ ನಂಬಿಕೆ. ಮಕ್ಕಳ ಖಡುವನ್ನು ಮಾಸ್ತರನ ಹೆಂಡತಿ ತಿಂದಳು ಅಂತ ಊರಲ್ಲಿ ಬಂದರೆ ಏನು ಗತಿ ಅಂತ ಅವನಿಗೆ ಹೆದರಿಕೆ. ಹಾಗಾಗಿ ಟ್ರಂಕು, ಅದಕ್ಕೊಂದು ಉದ್ದ ಕಬ್ಬಿಣದ ಕೀಲಿ, ಆ ಕೀಲಿ ಗೂಟಕ್ಕೆ. ಅವ್ವ ಆ ಗೂಟದ ಕೆಳಗೇ ಕೂತು ರೊಟ್ಟಿ ಬಡಿಯುತ್ತಿದ್ದಳು, ಒಂದು ದಿನವೂ ತಲೆಯೆತ್ತಿ ಅದನ್ನು ನೋಡಿದ್ದು ನಾನು ಕಂಡಿಲ್ಲ. ಆದರೂ ಆಕೆಯ ಬಾಯಿಂದ ಮಳೆ ಬಿದ್ದ ಗೋಡೆಯ ವಾಸನೆ ಬರುತ್ತಿತ್ತು. ನನ್ನನ್ನು ತಬ್ಬಿಕೊಂಡರೆ ನಾನು ಮುಖ ತಿರುಗಿಸುತ್ತಿದ್ದೆ. ಶಾಲೆಗೆ ಬುತ್ತಿ ಕೊಡಲು ಬಂದರೆ ದೂರದಿಂದಲೇ ಓಡಿ ಹೋಗಿ ಇಸಿದುಕೊಳ್ಳುತ್ತಿದ್ದೆ, ನನ್ನ ಗೆಳತಿಯರ ಎದುರು ಆಕೆ ಬಾಯಿ ತೆರೆಯಬಾರದು ಅಂತ. ತುಟಿಯ ಮೂಲೆಯಲ್ಲಿ ಬಿಳಿ ಗೆರೆ ಉಳಿದಿರುತ್ತಿತ್ತು ನೋಡಿ, ಅದಕ್ಕೆ.

ನರಗುಂದದಿಂದ ಶಾಂತಾ ಅತ್ತೆಯನ್ನು ನೋಡಲು ಬಂದರು. ವರನ ತಾಯಿ, ವರನ ದೊಡ್ಡಪ್ಪ, ಜೊತೆಗೆ ಒಂದಿಷ್ಟು ಜನ. ಹುಡುಗಿ ಒಪ್ಪಿಗೆಯಾಗಿ, ಉಂಡು ಎದ್ದು ಎಲೆ ಅಡಿಕೆ ಹಾಕಿದರೆ ಮಾತು ಮುಗಿದಂತೆ. ಅವ್ವ ಕೋಳಿ ಕೂಗುವ ಹೊತ್ತಿಗೆ ಎದ್ದು ಹೋಳಿಗೆ ಮಾಡಿದ್ದಳು. ಬಡಿಸಿದ್ದೂ ಆಕೆಯೇ. ದೊಡ್ಡಪ್ಪ ಹೋಳಿಗೆ ಮೇಲೆ ಹೋಳಿಗೆ ಹೊಡೆದು ಗೋಡೆಗೆ ಒರಗಿ ಹೊಟ್ಟೆ ಸವರಿಕೊಂಡ.

"ಏನ್ರೀ ಬೀಗತಿಯಾರ, ಹೋಳಿಗಿ ಕೊಟ್ಟ ಕೊಲ್ಲಾಕ ಕರಸೀರೇನ ನಮ್ಮನ್ನ?"

"ಹೊಟ್ಟಿ ಬಿಗದೈತೇನ್ರಿ? ತಡೀರಿ, ನಮ್ಮ ಹೊಲದ ಹುಳಿ ಐತಿ. ಒಂದ ಚಮಚಾ ಹೊಡದ್ರ ಮತ್ತ ಉಣ್ಣಾಕ ಕುಂದರ್ತೀರಿ" ಅಂತ ಆಯಿ ಮಾಡದ ಕಡೆ ನಡೆದಳು. ಇಂಥ ದಿನಕ್ಕಾಗಿಯೇ ಕಾದಿಟ್ಟ, ಎಲ್ಲಕ್ಕಿಂತ ಹಳೆಯ ಬಾಟಲಿ ಇಳಿಸಿದಳು.

ದೇವರ ತೀರ್ಥ ಕೊಟ್ಟಂತೆ ಒಬ್ಬೊಬ್ಬರಿಗೂ ಆಯಿ ಚಮಚದಲ್ಲಿ ಕೊಡುತ್ತಾ ಬಂದಳು. ಕುಡಿದವರೆಲ್ಲ ಒಂದು ಕಣ್ಣು ಮುಚ್ಚಿ ಮೈ ಜಾಡಿಸಿದರು. ವರನ ತಾಯಿಗೆ ಅದು ಬಹಳ ಹಿಡಿಸಿತು. ಅದೇ ಹೊತ್ತಿಗೆ ಉಂಡ ಎಲೆ ಎತ್ತಲು ಅವ್ವ ಪಡಸಾಲೆಗೆ ಬಂದಳು. ಎಲ್ಲರ ಊಟ ಮುಗಿದಿತ್ತು, ಆಕೆಯದು ಆಗಿರಲಿಲ್ಲ. ಅಡುಗೆಮನೆಯ ಕತ್ತಲಲ್ಲಿ ಅರೆಗಳಿಗೆ ನಿಂತು ಏನೋ ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಂಡಿದ್ದೆ. ಎಡ ಕೆನ್ನೆ ಸ್ವಲ್ಪ ಉಬ್ಬಿತ್ತು.

"ಸೊಸಿಗೂ ಒಂದ ಚಮಚಾ ಕೊಡ್ರಿ, ಮುಂಜಾನಿಂದ ದಣದೈತಿ ಪಾಪ" ಅಂದಳು ವರನ ತಾಯಿ.

ಅವ್ವ ತಲೆ ಅಲ್ಲಾಡಿಸಿದಳು. ಬಾಯಿ ತೆರೆಯುವ ಹಾಗಿರಲಿಲ್ಲ.

"ಹಿರ್ಯಾರು ಹೇಳಾಕತ್ತಾರ, ಒಲ್ಲೆ ಅಂತಿ? ಬಾಯಿ ತಗಿ ಗಿರಿಜಾ, ಏನ ಹೊಸಾ ಮದುಮಗಳಂಗ!" ಆಯಿ ಆಕೆಯ ಗದ್ದ ಹಿಡಿದು ಚಮಚ ತುರುಕಿದಳು.

ಆಮೇಲೆ ಆದದ್ದನ್ನು ಹೇಗೆ ಹೇಳಲಿ. ಅವ್ವ ತುಟಿ ಬಿಗಿಹಿಡಿದಳು. ಆದರೆ ಬಾಯೊಳಗೆ ಅಗಿದು ಪುಡಿಯಾದ ಖಡು, ಅದರ ಮೇಲೆ ವರ್ಷಗಟ್ಟಲೆ ಮಾಗಿದ ಹುಳಿ. ಫರ್ಸಿಯ ಮೇಲೆ ಎದ್ದ ನೊರೆಯೇ ಬಾಯಿ ತುಂಬ ಎದ್ದಿತು. ಎರಡೂ ಕಡೆಯಿಂದ ಬಿಳಿ ಬುರುಗು ಗಲ್ಲಕ್ಕೆ ಇಳಿಯಿತು, ಮೂಗಿನಿಂದಲೂ ಬಂತು. ಉಸಿರು ಸಿಕ್ಕು ಕಣ್ಣು ಮೇಲಾದವು. ಕೈಯೊಳಗಿನ ಎಲೆಗಳ ಸಮೇತ ಅವ್ವ ನೆಲಕ್ಕೆ ಕುಸಿದು ಮೈ ನಡುಗಿಸುತ್ತ ಕೆಮ್ಮತೊಡಗಿದಳು.

"ಫಿಟ್ಸ್! ಫಿಟ್ಸ್ ಬಂತ್ರೋ! ಕೈಯಾಗ ಕಬ್ಬಣ ಕೊಡ್ರಿ! ಉಳ್ಳಾಗಡ್ಡಿ ತರ್ರಿ!"

ಯಾರೋ ಗೂಟದ ಮೇಲಿದ್ದ ಕೀಲಿ ಕಿತ್ತು ಅವ್ವನ ಅಂಗೈಯಲ್ಲಿಟ್ಟು ಮುಷ್ಟಿ ಒತ್ತಿ ಮುಚ್ಚಿದರು. ಹೌದು, ಅದೇ ಟ್ರಂಕಿನ ಕೀಲಿ. ಇನ್ನೊಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು, ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಆತು ಕೂತಳು. ಅಷ್ಟರಲ್ಲಿ ನರಗುಂದದವರು ಒಬ್ಬರ ಮುಖ ಒಬ್ಬರು ನೋಡಿಕೊಂಡಾಗಿತ್ತು. ದೊಡ್ಡಪ್ಪ ರುಮಾಲು ಸುತ್ತಿಕೊಳ್ಳುತ್ತ ಎದ್ದ.

"ನಡೀರಿ, ರೋಣದ ಬಸ್ಸಿನ ಹೊತ್ತಾತು."

"ಎಲಿ ಅಡಕಿ ಹಾಕ್ಕೊಂಡಿಲ್ಲಲ್ರಿ ಇನ್ನಾ" ಅಂದಳು ಆಯಿ.

"ಎಲಿ ಅಡಕಿ ಇರ್ಲವಾ" ಅಂದಳು ವರನ ತಾಯಿ, ಸೀರೆ ನಿರಿಗೆ ಸರಿಮಾಡಿಕೊಳ್ಳುತ್ತ. "ಈ ಸೊಸಿ ನಿಮ್ಮ ತಮ್ಮನ ಮಗಳು ಅಂತ ನೀವ ಹೇಳಿದ್ರಿ. ಅಂದ್ರ ನಿಮ್ಮ ಮಗಳ ಮೈಯಾಗೂ ಅದ ರಕ್ತ. ನಾಳಿ ನಮ್ಮ ಮನಿಯಾಗ ಹಿಂಗ ಬಿದ್ರ? ನೀವ ಹೇಳ್ರಿ."

"ಆ ಬ್ಯಾನಿ ನಮ್ಮ ಮನಿತನದಾಗ ಯಾರಿಗೂ ಇಲ್ರಿ! ದೇವರ ಆಣಿ!"

"ಕಣ್ಣಾರೆ ನೋಡೇವಲ್ರಿ."

ಅಡುಗೆಮನೆಯಿಂದ ಶಾಂತಾ ಅತ್ತೆಯ ಅಳು ಕೇಳಿಸಿತು. ಬಾಯಿಗೆ ಸೆರಗು ಒತ್ತಿಕೊಂಡು ಅಳುವ ಅಳು. ಆಗ ಅಪ್ಪ, ಗೋಡೆಯ ಕಡೆ ಮುಖ ಮಾಡಿ, ಯಾರಿಗೂ ಅಲ್ಲದಂತೆ ಹೇಳಿದ:

"ಫಿಟ್ಸ್ ಅಲ್ರಿ ಅದು. ಆಕಿ ಖಡು ತಿಂತಾಳ. ಬಾಯಾಗ ಖಡು ಇತ್ತು. ಹುಳಿ ಬಿದ್ದ ಕೂಡ್ಲೆ ನೊರಿ ಆತು."

ಯಾರೂ ನಂಬಲಿಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ. ಲಗ್ನ ಉಳಿಸಲು ಜನ ಏನೇನೋ ಹೇಳುತ್ತಾರೆ. ಅಪ್ಪ ಮಾಸ್ತರ ಅಲ್ಲವಾ, ಮಾಡಿಯೇ ತೋರಿಸುತ್ತೇನೆ ಅಂತ ಹೊರಟ. ಅವ್ವನ ಮುಷ್ಟಿ ಬಿಡಿಸಿ ಕೀಲಿ ತೆಗೆದುಕೊಂಡ, ಟ್ರಂಕು ತೆರೆದ, ಹೊಸ ಖಡು ತಂದ. ಚಹಾದ ಬಶಿಯಲ್ಲಿ ಹುಳಿ ಹೊಯ್ದು ಖಡು ಮುಳುಗಿಸಿದ. ಎಲ್ಲರೂ ಬಾಗಿ ನೋಡಿದರು. ಒಂದೆರಡು ಗುಳ್ಳೆ ಎದ್ದವು, ಆಮೇಲೆ ಏನೂ ಇಲ್ಲ. ಖಡು ಹುಳಿ ಹೀರಿಕೊಂಡು ಬಶಿಯಲ್ಲಿ ಹಾಯಾಗಿ ಮಲಗಿತ್ತು.

"ಮಾಸ್ತರ, ನಿಮ್ಮ ಖಡು ಭಾಳ ಶಾಣ್ಯಾ ಐತಿ. ಸಾಲಿ ಹುಡುಗರಂಗ ಕೈ ಕಟಗೊಂಡ ಕುಂತೈತಲ್ಲ" ಅಂದ ದೊಡ್ಡಪ್ಪ. ಬಂದವರೆಲ್ಲ ಕಿಸಕ್ಕನೆ ನಕ್ಕರು. ಅಪ್ಪನ ಕಿವಿ ಕೆಂಪಾಯಿತು.

ಇಷ್ಟು ವರ್ಷವಾದ ಮೇಲೆ ಇದರ ಕಾರಣ ನನಗೆ ಗೊತ್ತು. ಶಾಲೆಗೆ ಬರುವ ಖಡುವೆಲ್ಲ ಖಡುವಲ್ಲ. ಎಷ್ಟೋ ಕಡೆ ಅದನ್ನು ಜಿಪ್ಸಂ ಅನ್ನುವ ಬೇರೆಯೇ ಪುಡಿಯಿಂದ ಎರಕ ಹೊಯ್ಯುತ್ತಾರೆ, ಅದಕ್ಕೆ ಹುಳಿ ತಾಗಿದರೂ ಏನೂ ಆಗುವುದಿಲ್ಲ. ನೆಲದಿಂದ ಅಗೆದು ತೆಗೆದ ಖಡುಕಲ್ಲು ಸುಣ್ಣದ ಕಲ್ಲಿನ ಜಾತಿ. ಲಿಂಬೆಹಣ್ಣಾಗಲಿ, ಹುಣಸೆಯಾಗಲಿ, ಕಡಲೆ ಹುಳಿಯಾಗಲಿ ತಾಗಿದರೆ ಸುಮ್ಮನಿರುವುದಿಲ್ಲ, ಸೋಡಾ ಬಾಟಲಿಯಲ್ಲಿರುವ ಗಾಳಿಯನ್ನೇ ಬುಸುಬುಸು ಬಿಡುತ್ತದೆ. ಫರ್ಸಿ ನೊರೆ ಕಾರಿದ್ದೂ ಅದಕ್ಕೇ. ಆದರೆ ಆ ದಿನ ಪಡಸಾಲೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಮಾಸ್ತರ ಸುಳ್ಳು ಹೇಳಿದ, ಹೆಂಡತಿಗೆ ಫಿಟ್ಸ್ ಇದೆ, ತಂಗಿಗೂ ಬರುತ್ತದೆ. ಈ ಸುದ್ದಿ ಬಸ್ಸು ಹತ್ತಿದರೆ ನರಗುಂದ ಒಂದೇ ಅಲ್ಲ, ಗಜೇಂದ್ರಗಡ, ರೋಣ ಎಲ್ಲ ಕಡೆ ಇಳಿಯುತ್ತದೆ. ಶಾಂತಾ ಅತ್ತೆಯನ್ನು ಇನ್ನು ಯಾರೂ ನೋಡಲು ಬರುವುದಿಲ್ಲ.

ಅವ್ವ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ರೋಗಿಷ್ಟೆ ಅಂತ ಪಾಪ ಅನ್ನುತ್ತಿದ್ದರು. ಆಕೆ ಎದ್ದಳು.

"ಅದಲ್ರಿ. ನಾ ತಿನ್ನೂದು ಅದಲ್ಲ" ಅಂದಳು.

ಎತ್ತಿದ ಸೆರಗು ಇಳಿಸದೆ ಅಡುಗೆಮನೆ ದಾಟಿ ಹಿತ್ತಲಿಗೆ ಹೋದಳು. ಅಲ್ಲಿ ಕುಳ್ಳಿನ ಒಟ್ಟಿಲು, ಬೆರಣಿಯ ರಾಶಿ, ಇತ್ತು. ಕುಳ್ಳು ತಟ್ಟುವವಳೂ ಒಟ್ಟುವವಳೂ ಅವ್ವನೇ, ಬೇರೆ ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅದರೊಳಗಿಂದ ಒಂದು ಹಳೆಯ ಪೌಡರ್ ಡಬ್ಬಿ ತಂದು, ಗಂಡಸರ ನಡುವೆ, ಫರ್ಸಿಯ ಮೇಲೆ ಕಾಲು ಮಡಚಿ ಕೂತಳು. ಡಬ್ಬಿ ಬಗ್ಗಿಸಿದಳು. ಬಿಳಿಯ ಹೆಂಟೆಗಳು ಉರುಳಿದವು. ಗಜೇಂದ್ರಗಡದ ಸಂತೆಯಲ್ಲಿ ಸುಣ್ಣ, ರಂಗೋಲಿ ಮಾರುವವರ ಹತ್ತಿರ ತೂಕದ ಮೇಲೆ ಸಿಗುವ ಖಡುಕಲ್ಲು. ಕೆಲವಕ್ಕೆ ಹಲ್ಲಿನ ಗುರುತು ಇತ್ತು. ಒಂದು ಹೆಂಟೆಯನ್ನು ಎಲ್ಲರೆದುರು ಬಾಯಿಗಿಟ್ಟು ಕಟಕ್ಕನೆ ಕಡಿದಳು, ಉಳಿದರ್ಧವನ್ನು ಬಶಿಗೆ ಹಾಕಿದಳು.

ಬುಸ್ಸ್ ಅಂತ ಎದ್ದಿತು ನೊರೆ. ಬಶಿ ತುಂಬಿ ಅಂಚಿನಿಂದ ಇಳಿದು ಫರ್ಸಿಗೂ ತಾಗಿತು. ಆಯಿ ಬೈಯಲಿಲ್ಲ. ವರನ ತಾಯಿ ಬಗ್ಗಿ ಬಶಿಗೆ ಕಿವಿಯಿಟ್ಟಳು.

"ಅಯ್ಯ ಇದರ! ಸೋಡಾ ಆತಲ್ಲ ಇದು!"

"ಹಂಗಾರ ಈಕಿ ಹೊಟ್ಟಿ ಸೋಡಾದ ಫ್ಯಾಕ್ಟ್ರಿ ಅನ್ನು" ಅಂದ ದೊಡ್ಡಪ್ಪ.

ಪಡಸಾಲೆಯ ಮಾಳಿಗೆ ಹಾರುವ ಹಾಗೆ ನಕ್ಕರು. ಆಯಿಯೂ ನಕ್ಕಳು, ಮಗಳ ಲಗ್ನ ಉಳಿಯಿತು ಅಂತ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು. ಅಪ್ಪ ನಗಲಿಲ್ಲ. ಅವನು ಕೀಲಿಯನ್ನೇ ನೋಡುತ್ತ ನಿಂತಿದ್ದ. ಎಲೆ ಅಡಿಕೆ ಬಂತು. ದೊಡ್ಡಪ್ಪ ಮತ್ತೆ ಗೋಡೆಗೆ ಒರಗಿ ಸುಣ್ಣ ಸವರುತ್ತ ಕೇಳಿದ:

"ಯಾವಾಗಿಂದ ಹತ್ತೇತವಾ ಈ ಚಟಾ?"

ಅವ್ವ ಹೆಂಟೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ತಲೆ ಎತ್ತದೆ ನನ್ನ ಕಡೆ ಕೈ ಮಾಡಿದಳು.

"ಈಕಿ ಹೊಟ್ಟ್ಯಾಗಿದ್ದಾಗಿಂದ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ಪಡಸಾಲೆಯ ತುಂಬ ಕಣ್ಣು, ನಾನು ಮಧ್ಯೆ. "ಹಂಗಾರ ಇದು ಖಡುವಿನ ಕೂಸು ಬಿಡು, ಅದಕ್ಕ ಇಷ್ಟ ಬೆಳ್ಳಗೈತಿ" ಅಂದಳು ವರನ ತಾಯಿ, ಪ್ರೀತಿಯಿಂದಲೇ. ಆ ಕ್ಷಣ ನನಗೆ ಅನಿಸಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಿಜಕ್ಕೂ ಫಿಟ್ಸ್ ಆಗಿದ್ದರೆ ಚಲೋ ಇತ್ತು ಅನಿಸಿತು. ರೋಗ ಬಂದರೆ ಜನ ಪಾಪ ಅನ್ನುತ್ತಾರೆ. ಖಡು ತಿಂದರೆ ನಗುತ್ತಾರೆ.

ಲಗ್ನ ಆಯಿತು. ಖಡುವಿನ ಮಾತು ದಿಬ್ಬಣದ ಜೊತೆಗೇ ನರಗುಂದಕ್ಕೆ ಹೋಯಿತು, ಅಲ್ಲಿಂದ ಪ್ರತಿ ಹಬ್ಬಕ್ಕೂ ವಾಪಸು ಬಂತು. ಬೀಗರು ಬಂದರೆ ಕೈಕಾಲು ತೊಳೆಯುವ ಮೊದಲೇ "ಗಿರಿಜವ್ವ, ಹುಳಿ ಬ್ಯಾಡ, ಸೋಡಾ ಕೊಡವಾ" ಅನ್ನುವುದು ವಾಡಿಕೆಯಾಯಿತು. ಎಲ್ಲರಿಗಿಂತ ಚೆನ್ನಾಗಿ ಆ ಕಥೆ ಹೇಳುತ್ತಿದ್ದವಳು ಶಾಂತಾ ಅತ್ತೆಯೇ. ಅವ್ವ ಕೆಮ್ಮಿದ್ದನ್ನು, ಕಣ್ಣು ಮೇಲೆ ಮಾಡಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದಳು. ಅವ್ವ ಒಲೆಯ ಮುಂದೆ ರೊಟ್ಟಿ ತಿರುವುತ್ತ ತಾನೂ ಸ್ವಲ್ಪ ನಗುತ್ತಿದ್ದಳು. ಶಾಲೆಯಲ್ಲಿ ಹುಡುಗರು ನನ್ನ ಪಾಟಿಯ ಮೇಲೆ ಖಡು ಚೂರು ಇಟ್ಟು "ಉಣ್ಣು" ಅನ್ನುತ್ತಿದ್ದರು. ನಾನು ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡುವುದನ್ನು ಕಲಿತದ್ದು ಆಗಲೇ. ಇನ್ನೊಂದನ್ನೂ ಕಲಿತೆ: ಬೇರೆಯವರ ಮನೆಯ ಕಥೆಯನ್ನು ನಾನೇ ಮೊದಲು ಜೋರಾಗಿ ಹೇಳಿದರೆ ನನ್ನ ಮನೆಯದನ್ನು ಯಾರೂ ಕೇಳುವುದಿಲ್ಲ. ನೀವು ಓದಿ ನಗುವ ಈ ಬಾಯಿ ತಯಾರಾದದ್ದು ಅಲ್ಲಿ. ಅಪ್ಪ ಮಾತ್ರ ಆ ದಿನದಿಂದ ಟ್ರಂಕಿಗೆ ಕೀಲಿ ಹಾಕಲಿಲ್ಲ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಟ್ರಂಕು ತೆರೆದೇ ಇರುತ್ತಿತ್ತು, ಅಷ್ಟೆ.

ಯಾಕೆ ತಿನ್ನುತ್ತಾಳೆ ಅಂತ ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಶಾಂತಾ ಅತ್ತೆಯ ಬಾಣಂತನಕ್ಕೆ ಬರುತ್ತಿದ್ದ ನರ್ಸಬಾಯಿ. ಬಾಣಂತಿಯನ್ನು ನೋಡಿ ಕೈ ತೊಳೆಯುವಾಗ, ನೀರು ಹಾಕುತ್ತಿದ್ದ ಅವ್ವನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿದಳು.

"ಬಾಣಂತಿನ ಬಿಡ್ರಿ, ಈಕಿ ಮೈಯಾಗ ರಕ್ತನ ಇಲ್ಲಲ್ರಿ! ಖಡು ಗಿಡು ತಿಂತಾಳೇನು?"

ಆಯಿ ನಗಲು ಶುರುಮಾಡಿದಳು, ನರ್ಸಬಾಯಿ ನಗಲಿಲ್ಲ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಎಷ್ಟೋ ಹೆಂಗಸರಿಗೆ ಹೀಗೆ ಮಣ್ಣು, ಖಡು ಬೇಕು ಬೇಕು ಅನಿಸುತ್ತದೆ, ಅದು ಚಟ ಅಲ್ಲ ಅಂದಳು. ಆಯಿ ತಾನೂ ಆ ರೆಪ್ಪೆ ಜಗ್ಗಿ ನೋಡಿ, "ಹಂಗಾರ ಬ್ಯಾನಿನ ಆತಲ್ಲ" ಅಂದಳು. ನರ್ಸಬಾಯಿ ಕೊಟ್ಟ ಕಬ್ಬಿಣದ ಗುಳಿಗೆ ನುಂಗುತ್ತ ನುಂಗುತ್ತ ಅವ್ವನ ಡಬ್ಬಿ ಖಾಲಿಯಾಗಿ, ಆಮೇಲೆ ಅದರಲ್ಲಿ ಸೂಜಿ ದಾರ ತುಂಬಿದವು. ಆದರೆ ಬೀಗರ ಸೋಡಾ ಮಾತು ಹೋಗಲಿಲ್ಲ. ಅಷ್ಟು ಹಳೆಯ ನಗುವನ್ನು ವಾಪಸು ತೆಗೆದುಕೊಳ್ಳುವುದು ಯಾರಿಗೂ ಗೊತ್ತಿರಲಿಲ್ಲ.

ಈಗ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ನಾನು ಗಜೇಂದ್ರಗಡದಲ್ಲಿ ಕುಪ್ಪಸ ಹೊಲಿಯುತ್ತೇನೆ, ಅವ್ವ ನನ್ನ ಜೊತೆಗಿದ್ದಾಳೆ, ಗುಂಡಿ ಹಚ್ಚಿ ಕೊಡುತ್ತಾಳೆ. ಅಳತೆಗೆ ಗೆರೆ ಎಳೆಯುವ ಖಡು ನನ್ನ ಮೇಜಿನ ಮೇಲೆ ಇದ್ದೇ ಇರುತ್ತದೆ. ಮೊನ್ನೆ, ಮೆಟ್ಟಿಲು ಹತ್ತಿದರೆ ನನಗೆ ತೇಕು ಬರುತ್ತದೆ ಅಂತ ದವಾಖಾನೆಗೆ ಹೋದೆವು. ಅಲ್ಲಿನ ಹುಡುಗಿ ನರ್ಸು ರಕ್ತದ ಚೀಟಿ ನೋಡಿ, ಮೆಲ್ಲಗೆ ಕೇಳಿದಳು:

"ಅಕ್ಕಾರ, ಏನರ ತಿಂತೀರೇನ್ರಿ? ಮಣ್ಣು, ಅಕ್ಕಿ, ಖಡು?"

ಊರಿಗೆಲ್ಲ ಬಾಯಿ ಹಾಕುವ ನಾನು, ಬಾಯಿಗೆ ಕೈ ಅಡ್ಡ ಇಟ್ಟು, "ಇಲ್ಲವಾ, ಛೇ" ಅಂದೆ. ನನ್ನ ಚೀಲದ ಮೂಲೆಯಲ್ಲಿ ಕಡಿದು ಬಿಟ್ಟ ಅರ್ಧ ಖಡು ಇತ್ತು. ಮುಖ ಎತ್ತಲಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕಿವಿ ಮಂದವಾದ ಅವ್ವ, ಕೇಳಿಸದ ಹಾಗೆ ಕೂತಿದ್ದವಳು, ಸೆರಗು ಸರಿಮಾಡಿಕೊಂಡಳು.

"ತಿಂತಾಳ್ರಿ" ಅಂದಳು.

"ಯಾವಾಗಿಂದ್ರಿ ಅಮ್ಮಾ?"

"ನನ್ನ ಹೊಟ್ಟ್ಯಾಗಿದ್ದಾಗಿಂದ್ರಿ."

ನರ್ಸು ನಕ್ಕಳು. ಅವ್ವನೂ ನಕ್ಕಳು, ಬಾಯಿ ಪೂರ್ತಿ ತೆರೆದು, ಇದ್ದ ನಾಲ್ಕು ಹಲ್ಲು ಕಾಣುವ ಹಾಗೆ. ನರ್ಸು ಕೊಟ್ಟ ಕಬ್ಬಿಣದ ಗುಳಿಗೆಯ ಹಾಳೆಯನ್ನು ಅವ್ವ ನನ್ನ ಅಂಗೈಯಲ್ಲಿಟ್ಟು, ಮುಷ್ಟಿ ಒತ್ತಿ ಮುಚ್ಚಿದಳು.

ನಾನು ಇನ್ನೂ ನಕ್ಕಿಲ್ಲ. ಬರೆದಿದ್ದೇನೆ, ಅಷ್ಟೆ. ಈಗ ನೀವು ಬರೆಯಿರಿ. ನಿಮ್ಮ ಮನೆಯಲ್ಲಿ ಯಾರು ತಿನ್ನುತ್ತಿದ್ದರು, ಡಬ್ಬಿ ಎಲ್ಲಿ ಬಚ್ಚಿಡುತ್ತಿದ್ದರು, ನೋಡಿದವರು ಏನಂದರು? ಹೆಸರು ಬೇಡ, ಊರು ಬೇಡ. ತಿನ್ನುತ್ತಿದ್ದವರು ನೀವೇ ಆಗಿದ್ದರೆ ಅದನ್ನೂ ಬರೆಯಿರಿ. ಈ ಸಲ ಯಾರ ಕಥೆಗೂ ನಾನು ಫೋನಿನಲ್ಲಿ ನಗುವ ಗೊಂಬೆ ಒತ್ತುವುದಿಲ್ಲ.